ಬೇಡವೆಂದು ಬರೆದುಕೊಟ್ಟ ಗಾಡಿ

ಜೋಗೇಶ್ವರಿ, ಮುಂಬಯಿ
೭ ನವೆಂಬರ್ ೧೯೫೪

ಮಾವನವರಿಗೆ,

‘ಪೂಜ್ಯ’ ಎಂದು ಬರೆದಿಲ್ಲ. ಮರೆತದ್ದಲ್ಲ. ಮನುಷ್ಯ ಮನುಷ್ಯನನ್ನು ಪೂಜಿಸುವುದು ತಪ್ಪೆಂದು ತಿಳಿದ ಮೇಲೆ ನಿಲ್ಲಿಸಿದ್ದೇನೆ. ಗೌರವ ಮೊದಲಿನ ಹಾಗೆಯೇ ಇದೆ.

ನೀವು ಉಗ್ರಾಣದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಊರಿಗೆ ಹೋದ ಮೇಲೆ ಹೋಟೆಲಿನ ಗಲ್ಲಾದಲ್ಲಿ ನಾನೇ ಕೂರುತ್ತಿದ್ದೇನೆ. ಕೆಲಸದವರು ನನ್ನನ್ನು ‘ಸಣ್ಣ ಧಣಿ’ ಎಂದು ಕರೆಯಬಾರದು, ‘ಸಂಗಾತಿ’ ಎಂದರೆ ಸಾಕು ಎಂದು ಅಡಿಗೆಯ ದೂಜಣ್ಣನಿಗೆ ಹೇಳಿದೆ. ಈಗ ಅವನು ‘ಸಂಗಾತಿ ಧಣಿಗಳೇ’ ಎಂದು ಕರೆಯುತ್ತಾನೆ.

ಇದರೊಂದಿಗೆ ನಾನು ಬರೆದು ಗಿರಗಾಂವಿಯಲ್ಲಿ ಅಚ್ಚು ಹಾಕಿಸಿದ ‘ಅಳಿಯನಿಗೇಕೆ?’ ಎಂಬ ಕರಪತ್ರವನ್ನು ಕಳಿಸಿದ್ದೇನೆ. ನಮ್ಮ ಅಳಿಯಕಟ್ಟಿನಲ್ಲಿ ಗಂಡಸು ಬೆವರು ಸುರಿಸಿ ದುಡಿದದ್ದು ಅವನ ಅಕ್ಕತಂಗಿಯರ ಮಕ್ಕಳ ಪಾಲಾಗುತ್ತದೆ. ಅವನ ಹೆಂಡತಿ, ಅವನು ಹೆತ್ತ ಮಗಳು ಬರಿಗೈಯಲ್ಲಿ ನಿಲ್ಲುತ್ತಾರೆ. ಇದು ಅನ್ಯಾಯ. ಬರೀ ಬರೆದರೆ ಸಾಲದು, ನಡೆಯಬೇಕು. ಆದ್ದರಿಂದ ಕೊನೆಯ ಪುಟದಲ್ಲಿ ನನ್ನ ಹೆಸರು ಹಾಕಿಯೇ ಸಾರಿದ್ದೇನೆ: ನಿಮಗೆ ವಿನೋದಿನಿಯಂಥ ಮಗಳಿರುವಾಗ, ನಿಮ್ಮ ಅಕ್ಕನ ಮಗನೆಂಬ ಒಂದೇ ಕಾರಣಕ್ಕೆ ನಿಮ್ಮ ಗಳಿಕೆಯಲ್ಲಿ ನನಗೆ ಒಂದು ಚಮಚವೂ ಬೇಡ. ಹೋಟೆಲೂ ಬೇಡ, ಮೋಟಾರೂ ಬೇಡ.

ಮೋಟಾರಿನ ಮಾತು ಬಂತು. ಹಿತ್ತಿಲ ತಗಡಿನ ಚಪ್ಪರದಲ್ಲಿ ನಿಮ್ಮ ಆಸ್ಟಿನ್ ಹಾಗೆಯೇ ನಿಂತಿದೆ. ಕೆಳಗೆ ಪಕ್ಕದ ಚಾಳಿನ ಎರಡು ಮೇಕೆಗಳು ಮಲಗುತ್ತವೆ. ಅದರಿಂದ ಸಮಾಜಕ್ಕೆ ಆಗುತ್ತಿರುವ ಉಪಯೋಗ ಅಷ್ಟೇ. ಭಾನುವಾರ ಒಮ್ಮೆ ಸ್ಟಾರ್ಟ್ ಮಾಡಬೇಕೆಂದು ನೀವು ಹೇಳಿದ್ದನ್ನು ಮಾಡುತ್ತೇನೆ. ವಾರಸುದಾರನಾಗಿ ಅಲ್ಲ, ನೌಕರನಾಗಿ.

ನಿಮ್ಮ ಅಳಿಯ,
ಸದಾನಂದ


ಕಾಪು
೧೯ ನವೆಂಬರ್ ೧೯೫೪

ಚಿ. ಸದಾನಂದನಿಗೆ,

ನೀನು ಪೂಜ್ಯ ಬಿಟ್ಟರೂ ನಾನು ಚಿರಂಜೀವಿ ಬಿಡುವವನಲ್ಲ. ನೀನು ಬಹಳ ಕಾಲ ಬದುಕಬೇಕು ಮಾರಾಯ, ಗಾಡಿ ನೋಡಿಕೊಳ್ಳಲಿಕ್ಕೆ ಬೇರೆ ಯಾರುಂಟು?

ಪಂಡಿತರು ಎಣ್ಣೆ ಹಾಕಿ ಪಟ್ಟಿ ಕಟ್ಟಿ ಮಲಗಿಸಿದ್ದಾರೆ. ಮಾಡಿನ ಹಂಚು ಎಣಿಸುವುದೇ ಈಗ ನನ್ನ ಉದ್ಯೋಗ. ನಿನ್ನ ಪುಸ್ತಕ ಬಂತು. ಅಕ್ಷರ ಸಣ್ಣದು, ನಿಧಾನ ಓದುತ್ತೇನೆ. ನಿನ್ನ ಅತ್ತೆ ಶೀಲಾವತಿ ಅದರ ಹೆಸರು ಮಾತ್ರ ಓದಿ ನನಗೆ ಮಧ್ಯಾಹ್ನ ಒಂದು ಬಂಗುಡೆ ಮೀನು ಹೆಚ್ಚು ಬಡಿಸಿದಳು. ನಿನ್ನ ಅಮ್ಮ ಅಕ್ಕು ಇನ್ನೂ ನೋಡಿಲ್ಲ. ನೋಡದಿದ್ದರೆ ಒಳ್ಳೆಯದು.

ಈಗ ಮುಖ್ಯ ಸಂಗತಿ. ಚೋಕ್ ಅರ್ಧ ಎಳೆ. ಪೂರ್ತಿ ಎಳೆದರೆ ಅದಕ್ಕೆ ಕೆಮ್ಮು ಬರುತ್ತದೆ. ಸ್ಟಾರ್ಟ್ ಮಾಡಲು ಎದುರಿನ ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯಬೇಡ, ಉಳಿದ ಬೆರಳುಗಳ ಜೊತೆಗೇ ಇರಲಿ. ಹಿಂದಕ್ಕೆ ಒದೆದರೆ ಬೆರಳು ಮುರಿಯುತ್ತದೆ, ಆಮೇಲೆ ಕರಪತ್ರ ಬರೆಯಲಿಕ್ಕೆ ಆಗುವುದಿಲ್ಲ. ಬಾಗಿಲು ಹಾಕುವಾಗ ಕಿವಿ ಕೊಡು. ತಟ್ಟೆ ಬಿದ್ದ ಸದ್ದಲ್ಲ ಅದು, ಬೈಹುಲ್ಲು ಸುತ್ತಿದ ಅಕ್ಕಿ ಮುಡಿಯನ್ನು ನೆಲಕ್ಕೆ ಇಳಿಸಿದ ಸದ್ದು. ಆ ಸದ್ದು ಕೇಳದೆ ನನಗೆ ಇಲ್ಲಿ ಸರಿಯಾಗಿ ನಿದ್ದೆ ಬರುವುದಿಲ್ಲ.

ಮೇಕೆ ಮಲಗಲಿ. ಬಾನೆಟ್ ಹತ್ತದಂತೆ ನೋಡಿಕೋ.

ಆಶೀರ್ವಾದಗಳು,
ಕೊರಗಪ್ಪ


ಜೋಗೇಶ್ವರಿ
೧೨ ಡಿಸೆಂಬರ್ ೧೯೫೪

ಮಾವನವರಿಗೆ,

ಪ್ರತಿ ಭಾನುವಾರ ಸ್ಟಾರ್ಟ್ ಮಾಡುತ್ತಿದ್ದೇನೆ. ಒಂದೇ ತಿರುವಿಗೆ ಹೊತ್ತಿಕೊಳ್ಳುತ್ತದೆ. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ, ವರದಿ ಮಾತ್ರ.

ಒಂದೇ ಕಡೆ ನಿಂತರೆ ಟೈರು ಚಪ್ಪಟೆಯಾಗುತ್ತದೆ ಎಂದು ಚಾಳಿನ ಟ್ಯಾಕ್ಸಿ ಓಡಿಸುವವರೊಬ್ಬರು ಹೇಳಿದರು. ಹಾಗಾಗಿ ಓಡಿಸುವುದನ್ನು ಅವರಿಂದಲೇ ಕಲಿತು ಲೈಸೆನ್ಸ್ ಮಾಡಿಸಿಕೊಂಡೆ. ದುಡಿಯುವವನಿಗೆ ಯಂತ್ರಜ್ಞಾನವಿಲ್ಲದಿದ್ದರೆ ನಾಳೆ ಯಂತ್ರಗಳು ಅವನ ಕೈಗೆ ಬಂದಾಗ ಏನು ಮಾಡುತ್ತಾನೆ? ಮೊದಲ ದಿನ ದೂಜಣ್ಣ ಪಕ್ಕದಲ್ಲಿ ಕೂತಿದ್ದ. ಘೋಡಬಂದರ್ ರಸ್ತೆಯಲ್ಲಿ ಎದುರಿಗೊಂದು ಎಮ್ಮೆಯ ಹಿಂಡು ಬಂತು. ನಾನು ಆಗ ಅವನಿಗೆ ಉತ್ಪಾದನಾ ಸಾಧನಗಳ ಒಡೆತನದ ಬಗ್ಗೆ ವಿವರಿಸುತ್ತಿದ್ದೆ. ಅವನು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಕ್ರಾಂತಿ ಆಮೇಲೆ ಮಾಡುವ ಮಾರಾಯ್ರೆ, ಮೊದ್ಲು ಬ್ರೇಕ್ ಮಾಡಿ!” ಎಂದು ಕೂಗಿದ.

ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಎಮ್ಮೆಗಳು ಕ್ಷೇಮ.

ಟೈರಿನ ಹಿತಕ್ಕಾಗಿ ಗೋರೆಗಾಂವಿಯವರೆಗೆ ಹೋಗಿಬಂದೆ. ಟೈರು ಪೂರ್ತಿ ದುಂಡಗಾಗಲಿ ಎಂದು ಮಲಾಡಿನವರೆಗೂ ಹೋಗಬೇಕಾಯಿತು.

ಸದಾನಂದ


ಕಾಪು
೨ ಜನವರಿ ೧೯೫೫

ಚಿ. ಸದಾನಂದನಿಗೆ,

ನಿನ್ನ ಕಾಗದ ಓದಿ ನನಗೆ ತುಂಬ ಬೇಜಾರಾಯಿತು. ಮೋಟಾರೆಂದರೆ ಆಗದವನು ನೀನು. ಅಂಥವನನ್ನು ನನ್ನ ಗಾಡಿಗೋಸ್ಕರ ಮಲಾಡಿನವರೆಗೆ ಅಟ್ಟಿದೆನಲ್ಲ. ನೀನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಿನ್ನ ಕಷ್ಟ ನನಗೆ ತಿಳಿಯುತ್ತದೆ.

ಅದನ್ನು ನಾನು ಕೊಂಡದ್ದು ಯುದ್ಧಕಾಲದಲ್ಲಿ. ಬಾಂಬು ಬೀಳುತ್ತದೆಂದು ಅರ್ಧ ಮುಂಬಯಿ ಗಂಟುಮೂಟೆ ಕಟ್ಟಿತ್ತು. ಅಂಧೇರಿಯ ಪಾರ್ಸಿ ಡಾಕ್ಟರರೊಬ್ಬರು, “ಕೊರಗಪ್ಪಾ, ಯಾವನೋ ಸೇಠ್‌ಗೆ ಕೊಡೋದಕ್ಕಿಂತ ನಿನಗೆ ಕೊಡ್ತೇನೆ, ನೀನು ಕಾಫಿ ಲೋಟ ಇಡೋ ರೀತಿ ನಾನು ನೋಡಿದ್ದೇನೆ” ಎಂದರು. ಅಂದಿನಿಂದ ಬೈಕಲಾ ಮಾರ್ಕೆಟ್‌ನ ತರಕಾರಿ, ತೆಂಗಿನಕಾಯಿ ಚೀಲ, ನಿನ್ನ ಅತ್ತೆಯ ಜ್ವರ, ಎಲ್ಲವನ್ನೂ ಹೊತ್ತಿದೆ. ಸ್ಟಿಯರಿಂಗಿನ ಮೇಲೆ ಎರಡು ಕಡೆ ಸವೆದು ನುಣುಪಾದ ಜಾಗ ಉಂಟು, ಅದು ನನ್ನ ಕೈ. ನನ್ನ ಕೂದಲು ಹೋಯಿತು, ಹಲ್ಲು ಹೋಯಿತು, ಈಗ ಸೊಂಟ. ಅದರ ಒಂದು ಬಾಗಿಲೂ ಜೋತಿಲ್ಲ. ಹೊಸ ಗಾಡಿ ಯಾರು ಕೂತರೂ ಓಡುತ್ತದೆ. ಹಳೆಯದು ಕೂತವನನ್ನು ತಿಳಿದುಕೊಂಡು ಓಡುತ್ತದೆ. ಇದರ ಸುಖ ಅನುಭವಿಸಿದವನಿಗೆ ಮಾತ್ರ ಗೊತ್ತು, ನಿನಗೆ ಹೇಳಿ ಏನು ಪ್ರಯೋಜನ.

ನಿನ್ನ ಪುಸ್ತಕ ಅರ್ಧ ಓದಿದೆ. ಕೋಪ ಜಾಸ್ತಿ ಉಂಟು, ಆದರೆ ಸುಳ್ಳು ಕಾಣುವುದಿಲ್ಲ.

ಕೊರಗಪ್ಪ


ಜೋಗೇಶ್ವರಿ
೬ ಫೆಬ್ರವರಿ ೧೯೫೫

ಮಾವನವರಿಗೆ,

ನನ್ನ ಕಷ್ಟಕ್ಕೆ ಮರುಗಬೇಡಿ. ಕರ್ತವ್ಯದಲ್ಲಿ ಕಷ್ಟಸುಖ ನೋಡುವವನು ನಾನಲ್ಲ.

ತತ್ವಕ್ಕೆ ಸರಿಯಾಗಿ ಕಾರನ್ನು ಹೋಟೆಲಿನ ಎಲ್ಲ ಕೆಲಸಗಾರರ ಸಾಮೂಹಿಕ ಸೊತ್ತೆಂದು ಸಾರಿ ಒಂದು ಸಮಿತಿ ಮಾಡಿದೆ. ಮೊದಲ ಭಾನುವಾರವೇ ಒಬ್ಬ ಕಿಟಕಿಯಿಂದ ಪಾನ್ ಉಗುಳಿದ. ಅದು ಬಾಗಿಲ ಮೇಲೆಯೇ ಇಳಿಯಿತು. ಅವನ ವರ್ಗಪ್ರಜ್ಞೆ ಇನ್ನೂ ಬೆಳೆದಿಲ್ಲವೆಂದು ಸಮಿತಿಯಿಂದ ತೆಗೆದೆ. ಇನ್ನೊಬ್ಬ ಒದ್ದೆ ಟವೆಲನ್ನು ಬಾನೆಟ್ ಮೇಲೆ ಒಣಗಲು ಹಾಕಿದ. ಅವನನ್ನೂ ತೆಗೆಯಬೇಕಾಯಿತು. ದೂಜಣ್ಣ ಬಾಗಿಲನ್ನು ಧಡಾರನೆ ಹಾಕಿ, “ಸಾಮೂಹಿಕ ಅಲ್ವಾ ಸಂಗಾತಿ ಧಣಿ, ನನ್ನ ಪಾಲಿನ ಬಾಗಿಲು ನಾನು ಹಾಕಿದ್ದು” ಎಂದ. ಈಗ ಸಮಿತಿಯಲ್ಲಿ ನಾನೊಬ್ಬನೇ ಇದ್ದೇನೆ. ತೀರ್ಮಾನಗಳು ಬೇಗ ಆಗುತ್ತವೆ.

ಒಂದು ವಿಷಯ ಬರೆಯಲೇಬೇಕು. ತೆಂಗಿನ ನಾರು ಗುಡಿಸಲೆಂದು ಹಿಂದಿನ ಸೀಟು ಬಿಚ್ಚಿದೆ. ಕೆಳಗೆ ಒಂದು ಕಬ್ಬಿಣದ ಪಟ್ಟಿ ಇದೆ. ಕೊಂಡವನಾಗಲಿ ಕೂತವನಾಗಲಿ ಎಂದೂ ನೋಡದ ಜಾಗ. ಅದರ ಅಂಚನ್ನು ಯಾರೋ ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾರೆ. ಮಾಲೀಕ ಅದಕ್ಕೆ ಬೇರೆ ಕೂಲಿ ಕೊಟ್ಟಿರಲಾರ. ಯಾವ ದೇಶದ, ಯಾವ ಹೆಸರಿನ ಮನುಷ್ಯನೋ, ಮುಂದೊಂದು ದಿನ ಯಾರೋ ಇಲ್ಲಿ ಕೈ ಹಾಕಿಯಾರು, ಅವರ ಬೆರಳು ಕೊಯ್ಯಬಾರದು ಎಂದುಕೊಂಡಿದ್ದಾನೆ. ಕೈ ಹಾಕಿದವನು ನಾನು. ನನ್ನ ಬೆರಳು ಕೊಯ್ಯಲಿಲ್ಲ. ನಾನು ಓದಿದ ಯಾವ ಕರಪತ್ರದಲ್ಲೂ ಈ ಮನುಷ್ಯನ ಬಗ್ಗೆ ಒಂದು ಸಾಲೂ ಇಲ್ಲ. ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಬ್ಯಾಟರಿಯ ಹಿತಕ್ಕಾಗಿ ಈ ತಿಂಗಳು ಕಾಂದಿವಲಿಗೆ ಮೂರು ಸಲ, ವಿಹಾರ ಕೆರೆಯ ಕಡೆಗೆ ಎರಡು ಸಲ ಹೋಗಬೇಕಾಯಿತು. ಬ್ಯಾಟರಿ ಈಗ ಬಹಳ ಆರೋಗ್ಯವಾಗಿದೆ.

ಸದಾನಂದ


ಕಾಪು
೩ ಮಾರ್ಚ್ ೧೯೫೫

ಚಿ. ಸದಾನಂದನಿಗೆ,

ಓದುತ್ತ ನನ್ನ ಕಣ್ಣು ತುಂಬಿತು. ಗಲ್ಲಾದಲ್ಲಿ ಕೂರುವ ಹುಡುಗನನ್ನು ಸೀಟಿನ ಕೆಳಗೆ ತೂರಿಸಿ ನಾರು ಗುಡಿಸುವ ಹಾಗೆ ಮಾಡಿದೆನಲ್ಲ! ಸುಸ್ತಾಗಿ ಬಹಳ ಹೊತ್ತು ಅಲ್ಲೇ ಕೂತಿದ್ದೆ ಎಂದು ಬರೆದಿದ್ದೀ. ಸಾಕು ಮಗ. ಇನ್ನು ನಿನಗೆ ಈ ಹಿಂಸೆ ಇಲ್ಲ.

ನಿನ್ನ ಪುಸ್ತಕವನ್ನು ಮೊನ್ನೆ ಅಂಗಳದಲ್ಲಿ ಎಲ್ಲರೆದುರು ವಿನೋದಿನಿಯಿಂದ ಓದಿಸಿದೆ. ನೀನು ಹೇಳಿದ್ದು ಸರಿ. ನನಗೆ ಇಷ್ಟು ವರ್ಷ ಹೊಳೆಯಲಿಲ್ಲ. ಹೋಟೆಲಿನ ಮಾತು ನಾನು ಎದ್ದು ನಡೆದ ಮೇಲೆ ನೋಡುವ. ಗಾಡಿ ಮಾತ್ರ ಇವತ್ತಿನಿಂದಲೇ ವಿನೋದಿನಿಯದ್ದು. ಅವಳಿಗೆ ಅಲ್ಲಿ ಕನ್ನಡ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದೆ. ಮೇ ಕೊನೆಗೆ ಸ್ಟೀಮರಿನಲ್ಲಿ ಬರುತ್ತಾಳೆ, ಹೋಟೆಲಿನ ಮಾಳಿಗೆಯ ನಮ್ಮ ಕೋಣೆಯಲ್ಲೇ ಇರುತ್ತಾಳೆ. ಬಂದ ಕೂಡಲೇ ಬೀಗದಕೈ ಕೊಟ್ಟು ನೀನು ಹಗುರಾಗು.

ಇನ್ನೊಂದು. ಕ್ಲಚ್ ಒತ್ತುವ ಕಾಲು ನನಗೆ ಇನ್ನು ಬರುವುದಿಲ್ಲವಂತೆ. ಡಾಕ್ಟರರು ಡಿಸೆಂಬರಿನಲ್ಲೇ ಹೇಳಿದ್ದರು. ಬರೆಯಲಿಕ್ಕೆ ಕೈ ಬಂದಿರಲಿಲ್ಲ.

ನಿನ್ನ ಅತ್ತೆ ಸಂತೋಷದಲ್ಲಿದ್ದಾಳೆ. ನಿನ್ನ ಅಮ್ಮ ಓದಿಸಿದ ದಿನದಿಂದ ಒಲೆ ಹೊತ್ತಿಸಿಲ್ಲ. “ಮುಂಬಯಿಗೆ ಕಳ್ಸಿದ್ದು ಬುದ್ಧಿ ಬರ್ಲಿ ಅಂತ, ಇದ್ದ ಬುದ್ಧಿಯನ್ನೂ ಅಚ್ಚು ಹಾಕ್ಸಿ ಹಂಚಿದ” ಎನ್ನುತ್ತಾಳೆ.

ಕೊರಗಪ್ಪ


ಜೋಗೇಶ್ವರಿ
೧೦ ಮಾರ್ಚ್ ೧೯೫೫

ಪೂಜ್ಯ ಮಾವನವರಿಗೆ,

ನಿಮ್ಮ ಕಾಗದ ಈಗ ತಾನೇ ಬಂತು. ಟಪಾಲು ಹೊರಡುವ ಮೊದಲೇ ಬರೆಯುತ್ತಿದ್ದೇನೆ.

ಕಾಲಿನ ಸುದ್ದಿ ತಿಳಿದು ಬಹಳ ನೋವಾಯಿತು. ಪಂಡಿತರು ಇನ್ನೂ ಸ್ವಲ್ಪ ಎಣ್ಣೆ ಹಚ್ಚಿದರೆ ಆಗದೆ?

ಕರಪತ್ರವನ್ನು ನೀವು ಒಪ್ಪಿದ್ದು ಸಂತೋಷ. ಆದರೆ ಅವಸರದಲ್ಲಿ ಓದಿದ್ದೀರಿ ಎಂದು ತೋರುತ್ತದೆ. ನಾನು ಮುಖ್ಯವಾಗಿ ಹೇಳಿದ್ದು ಭೂಮಿ, ಮನೆ, ಬಂಗಾರ ಇವುಗಳ ಬಗ್ಗೆ. ಚಕ್ರವಿರುವ ವಸ್ತುಗಳ ಪ್ರಶ್ನೆಯನ್ನು ಅಲ್ಲಿ ವಿವರವಾಗಿ ಚರ್ಚಿಸಿಲ್ಲ. ‘ಮೋಟಾರೂ ಬೇಡ’ ಎಂದದ್ದು ‘ಹೋಟೆಲೂ ಬೇಡ’ ಎಂಬುದಕ್ಕೆ ಪ್ರಾಸವಾಗಿ ಬಂದದ್ದು. ನಿಜವಾಗಿ ನೋಡಿದರೆ ಕಾರು ಆಸ್ತಿಯೇ ಅಲ್ಲ, ಉಪಕರಣ. ಉಪಕರಣವು ಅದನ್ನು ಬಳಸಬಲ್ಲವನ ಕೈಯಲ್ಲಿರಬೇಕು. ಇದೆಲ್ಲವನ್ನೂ ಸ್ಪಷ್ಟಪಡಿಸಿ ಎರಡನೆಯ ಮುದ್ರಣ ಮಾಡಿಸುವವನಿದ್ದೇನೆ.

ವಿನೋದಿನಿಯ ಕ್ಷೇಮದ ದೃಷ್ಟಿಯಿಂದಲೂ ಹೇಳುತ್ತೇನೆ. ಈ ರಸ್ತೆಯಲ್ಲಿ ಲಾರಿಗಳು ಬಹಳ. ಎಮ್ಮೆಗಳೂ ಇವೆ. ನನಗಂತೂ ಇದರಲ್ಲಿ ಏನೂ ಇಲ್ಲ.

ನಿಮ್ಮ ವಿಧೇಯ,
ಸದಾನಂದ


ಕಾಪು
೧೯ ಮಾರ್ಚ್ ೧೯೫೫

ಚಿ. ಸದಾನಂದನಿಗೆ,

ಮತ್ತೆ ಪೂಜ್ಯನಾದೆ, ಸಂತೋಷ.

ಎರಡನೆಯ ಮುದ್ರಣದ ಸುದ್ದಿ ಕೇಳಿ ನನಗೆ ಹೆಮ್ಮೆಯಾಯಿತು. ಬಂದ ಕೂಡಲೇ ಒಂದು ಕಟ್ಟು ಕಳಿಸು, ಇಲ್ಲಿ ಇದ್ದ ಒಂದೇ ಪ್ರತಿ ಕೈಯಿಂದ ಕೈಗೆ ಹೋಗಿ ಹರಿದಿದೆ. ಹೆಂಗಸರು ಬಂದು ಓದಿಸಿಕೊಂಡು ಹೋಗುತ್ತಾರೆ.

ಅಕ್ಕಿ ಮಿಲ್ಲಿನ ತ್ಯಾಂಪಣ್ಣ ಗೊತ್ತಲ್ಲ. ಮಿಲ್ಲನ್ನು ಈಗ ನಿಲ್ಲಿಸದೆ ನಡೆಸುವವಳು ಅವನ ಮಗಳು ಚಂಪಾ. ಅವನು ಕಣ್ಣು ಮುಚ್ಚಿದರೆ ಅದು ತಂಗಿಯ ಮಗನಾದ ಅವನ ಅಳಿಯನಿಗೆ. ಆ ಅಳಿಯ ಇಸ್ಪೀಟು ಕಲಸುವುದು ಬಿಟ್ಟರೆ ಬೇರೆ ಕೆಲಸಕ್ಕೆ ಕೈ ನೆನೆಸಿದವನಲ್ಲ. ಚಂಪಾ ನಿನ್ನ ಪುಸ್ತಕವನ್ನು ಅಪ್ಪನ ಎದುರು ಇಟ್ಟಳು. ತ್ಯಾಂಪಣ್ಣ ಇಲ್ಲಿಗೆ ಬಂದು ನನ್ನ ಮಂಚದ ಬದಿಯಲ್ಲಿ ಕೂತ. “ಬರೆಯುವವ್ರು ಬೇಕಾದಷ್ಟು ಉಂಟು ಕೊರಗಪ್ಪಣ್ಣ. ಆ ಹುಡುಗ ಗಾಡಿ ಬಿಡ್ತಾನಾ ನೋಡುವ. ಅವ ಗಾಡಿ ಬಿಟ್ರೆ ನಾನು ಮಿಲ್ಲು ಮಗಳಿಗೆ ಬರೀತೇನೆ” ಎಂದ. ನಾನು ನಕ್ಕುಬಿಟ್ಟೆ. “ಬಿಡುವುದೆಂತ? ಅವನಿಗೆ ಆ ಗಾಡಿ ಕಂಡ್ರೇ ಆಗುವುದಿಲ್ಲ” ಎಂದೆ.

ನಿನ್ನ ಕಾಗದದಲ್ಲಿ ಪ್ರಾಸದ ವಿಷಯ ಏನೋ ಬರೆದಿದ್ದೀ, ನನಗೆ ಅರ್ಥವಾಗಲಿಲ್ಲ. ವಿದ್ಯಾವಂತರ ಮಾತು.

ಕೊರಗಪ್ಪ


ಜೋಗೇಶ್ವರಿ
೧೭ ಏಪ್ರಿಲ್ ೧೯೫೫

ಮಾವನವರಿಗೆ,

ಉತ್ತರ ತಡವಾಯಿತು.

ಎರಡನೆಯ ಮುದ್ರಣದಲ್ಲಿ ಏನನ್ನೂ ತಿದ್ದಲಿಲ್ಲ. ಮೊದಲಿನ ಹಾಗೆಯೇ ಅಚ್ಚಾಗಿದೆ. ಕಟ್ಟು ಕಳಿಸಿದ್ದೇನೆ. ತ್ಯಾಂಪಣ್ಣನವರಿಗೆ ಹೇಳಿ: ಬರೆದವನು ಬಿಡುತ್ತಾನೆ.

ಗಾಡಿಯನ್ನು ತೊಳೆದಿದ್ದೇನೆ. ಸೀಟಿನ ಚರ್ಮಕ್ಕೆ ಎಣ್ಣೆ ಹಚ್ಚಿದ್ದೇನೆ. ಇದರೊಂದಿಗೆ ವಿನೋದಿನಿಗಾಗಿ ಕೆಲವು ಸೂಚನೆಗಳಿವೆ. ಕರಪತ್ರಕ್ಕಿಂತ ಸ್ವಲ್ಪ ಉದ್ದವಾಗಿದೆ. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ನಡುವೆ ಉಸಿರು ಬಿಡುವಷ್ಟು ಹೊತ್ತು ಕಾಯಬೇಕು, ಆಗ ಅದು ತಾನಾಗಿ ಒಳಗೆ ಹೋಗುತ್ತದೆ, ಬೆಣ್ಣೆಯಲ್ಲಿ ಚಮಚ ಇಳಿದ ಹಾಗೆ. ತಿರುವಿನಲ್ಲಿ ದಿಕ್ಕು ತೋರಿಸಲು ಬದಿಯಿಂದ ಹೊರಚಾಚುವ ದೀಪದ ಕೈ ಕೆಲವೊಮ್ಮೆ ಹಿಂದಕ್ಕೆ ಹೋಗುವುದಿಲ್ಲ. ಹೊಡೆಯಬಾರದು, ಬಾಗಿಲ ಕಂಬದ ಮೇಲೆ ಮೆಲ್ಲಗೆ ತಟ್ಟಿದರೆ ಸಾಕು. ಮಳೆ ಬಂದಾಗ ಒಳಗೆ ಒಂದು ವಾಸನೆ ಬರುತ್ತದೆ, ಚರ್ಮ, ಪೆಟ್ರೋಲ್, ಸ್ವಲ್ಪ ತೆಂಗಿನಕಾಯಿ. ಅದು ಕೆಟ್ಟದ್ದರ ಗುರುತಲ್ಲ. ಹೆದರಬಾರದು.

ಸದಾನಂದ


ಜೋಗೇಶ್ವರಿ
೫ ಜೂನ್ ೧೯೫೫

ಮಾವನವರಿಗೆ,

ವಿನೋದಿನಿ ಕ್ಷೇಮವಾಗಿ ಬಂದಳು. ಹಡಗು ನಿಲ್ಲುವ ದಕ್ಕೆಗೆ ಗಾಡಿಯಲ್ಲೇ ಹೋಗಿದ್ದೆ. ಸ್ಟೀಮರು ತಡವಾದದ್ದಕ್ಕೆ ಎಲ್ಲರೂ ಬೈಯುತ್ತಿದ್ದರು. ನಾನು ಬೈಯಲಿಲ್ಲ.

ಅವಳ ಟ್ರಂಕನ್ನು ಹಿಂದಿಟ್ಟು ಅಲ್ಲೇ ಬೀಗದಕೈ ಚಾಚಿದೆ. ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಆರಂಭಿಸುವ ಮೊದಲೇ ಅವಳು, “ಭಾವ, ಭಾಷಣ ಅಂಗಳದಲ್ಲಿ ನಾನೇ ಓದಿ ಆಗಿದೆ. ಈಗ ಮನೆಗೆ ಬಿಡಿ, ಹೊಟ್ಟೆ ತೊಳೆಸ್ತದೆ” ಎಂದಳು. ಮರುದಿನ ತಿಂಡಿ ತಿನ್ನುತ್ತ, “ಓಡಿಸ್ಲಿಕ್ಕೆ ಕಲಿಸಿ” ಎಂದಳು. ನನ್ನಿಂದ ಹೋಗುತ್ತಿರುವುದನ್ನು ಚೆನ್ನಾಗಿ ಒಯ್ಯುವುದು ಹೇಗೆಂದು ನಾನೇ ಕಲಿಸಬೇಕು. ಹಕ್ಕು ಬಿಡುವುದರ ಬಗ್ಗೆ ಬರೆದವರು ಯಾರೂ ಈ ಭಾಗವನ್ನು ಬರೆದಿಲ್ಲ.

ಮೊದಲ ದಿನ ಅವಳು ಗೇರು ಹಾಕಿದಾಗ ಬಂದ ಸದ್ದಿಗೆ ನಾನು ಕಣ್ಣು ಮುಚ್ಚಿದೆ. “ಭಾವ, ನಿಮ್ಗೆಲ್ಲಿ ನೋವು?” ಎಂದಳು. “ಎಲ್ಲಿಯೂ ಇಲ್ಲ” ಎಂದೆ. ನಾಲ್ಕನೆಯ ದಿನ ಹಿಂದಿನ ಸೀಟಿನಿಂದ ದೂಜಣ್ಣ, “ಧಣಿ, ಇವ್ರು ನಿಮ್ಗಿಂತ ಚೆಂದ ಓಡಿಸ್ತಾರೆ, ಪುಸ್ತಕ ಓದಿಲ್ಲ ಅಲ್ವಾ” ಎಂದ. ಅವನನ್ನು ಯಾರು ಕರೆದದ್ದೋ ಗೊತ್ತಿಲ್ಲ.

ಸದಾನಂದ


ಕಾಪು
೨೪ ಜುಲೈ ೧೯೫೫

ಚಿ. ಸದಾನಂದನಿಗೆ,

ತ್ಯಾಂಪಣ್ಣ ಮಿಲ್ಲನ್ನು ಚಂಪಾಳ ಹೆಸರಿಗೆ ಬರೆದು ರಿಜಿಸ್ಟರ್ ಮಾಡಿಸಿದ. ಮರುದಿನ ಚಂಪಾ ಬಂದು ನನ್ನ ಕಾಲು ಮುಟ್ಟಿದಳು. ನನ್ನದಲ್ಲ, ಜೋಗೇಶ್ವರಿಯಲ್ಲಿ ಇರುವವನ ಕಾಲು ಮುಟ್ಟು ಎಂದೆ. ಅವನಿಗೆ ಅದು ಆಗದು ಎಂದೂ ಹೇಳಿದೆ.

ಈಗ ನಾನು ನಿನ್ನನ್ನು ಒಂದು ಕೇಳಬೇಕು. ದೂಜ ಒಂದು ಕಾರ್ಡು ಬರೆಸಿದ್ದಾನೆ. ವಿನೋದಿನಿ ಶಾಲೆಗೆ ಗಾಡಿ ತೆಗೆದುಕೊಂಡು ಹೋದ ಮೇಲೆ ನೀನು ಖಾಲಿ ಚಪ್ಪರಕ್ಕೆ ಹೋಗಿ ನಿಲ್ಲುತ್ತೀಯಂತೆ. ಸಂಜೆ ದೂರದಲ್ಲಿ ಹಾರ್ನ್ ಕೇಳಿದರೆ ಗಿರಾಕಿಗೆ ತಪ್ಪು ಚಿಲ್ಲರೆ ಕೊಡುತ್ತೀಯಂತೆ. ಮಾರಾಯ, ನಿನ್ನ ಹಳೆಯ ಕಾಗದಗಳನ್ನೆಲ್ಲ ತಲೆದಿಂಬಿನ ಕೆಳಗಿಂದ ತೆಗೆದು ಮತ್ತೆ ಓದಿದೆ. ಟೈರು, ಬ್ಯಾಟರಿ, ಮಲಾಡು, ಕಾಂದಿವಲಿ! ನಾನು ಎಂಥ ಮಂಕ. ನಾನೂ ಮೊದಲು ನಿನ್ನ ಅತ್ತೆಗೆ ಇದನ್ನೇ ಹೇಳುತ್ತಿದ್ದೆ, ತರಕಾರಿಗೆ ಹೋಗಬೇಕು ಎಂದು. ಪುಣೆಯಿಂದ ಯಾರು ತೊಂಡೆಕಾಯಿ ತರುತ್ತಾರೆ?

ಹೇಳು, ವಿನೋದಿನಿಗೆ ಬರೆಯಲಾ? ಅವಳು ಇಲ್ಲ ಎನ್ನುವವಳಲ್ಲ. ಮಿಲ್ಲಿನ ರಿಜಿಸ್ಟರ್ ಆಗಿಹೋಯಿತು, ಇನ್ನು ಯಾರೂ ಕೇಳುವುದಿಲ್ಲ. ಗಾಡಿಯ ಮೇಲೆ ಪ್ರೀತಿ ಇದ್ದವನ ಹತ್ತಿರ ಗಾಡಿ ಇದ್ದರೆ ನನಗೂ ಸಮಾಧಾನ.

ಕೊರಗಪ್ಪ


ಜೋಗೇಶ್ವರಿ
೨೧ ಆಗಸ್ಟ್ ೧೯೫೫

ಮಾವನವರಿಗೆ,

ಬರೆಯಬೇಡಿ.

ನಿಮ್ಮ ಕಾಗದವನ್ನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬರೆಯಿರಿ ಎಂದು ಎರಡು ಸಲ ಉತ್ತರ ಬರೆದು ಹರಿದೆ. ಯಾರೂ ಕೇಳುವುದಿಲ್ಲ ಎಂದಿರಿ. ಕೇಳುವವರು ಯಾರೂ ಇಲ್ಲದಿದ್ದಾಗಲೂ ಸೀಟಿನ ಕೆಳಗಿನ ಪಟ್ಟಿಯನ್ನು ಉಜ್ಜಿದವನೊಬ್ಬನಿದ್ದನಲ್ಲ. ಗಾಡಿ ವಿನೋದಿನಿಯದ್ದು. ಹಾಗೆಯೇ ಇರಲಿ.

ದೂಜಣ್ಣ ಬರೆಸಿದ್ದೆಲ್ಲ ನಿಜ. ಚಿಲ್ಲರೆಯದ್ದು ಮಾತ್ರ ಒಮ್ಮೆಯೇ ಆದದ್ದು.

ಕಳೆದ ವಾರ ದಾದರಿಗೆ ಲೋಕಲಿನಲ್ಲಿ ನಿಂತು ಹೋಗುತ್ತಿದ್ದೆ. ರಸ್ತೆ ಹಳಿಯ ಹತ್ತಿರ ಬರುವ ಕಡೆ ಕಿಟಕಿಯಿಂದ ಗಾಡಿ ಕಂಡಿತು. ಮಳೆಯಲ್ಲಿ ತೊಳೆದು ಕಪ್ಪಗೆ ಹೊಳೆಯುತ್ತಿತ್ತು. ಅಷ್ಟು ಹೊಸ ಕಾರುಗಳ ನಡುವೆ ಅದೊಂದೇ ಅವಸರವಿಲ್ಲದೆ ಹೋಗುತ್ತಿತ್ತು. ನನಗೇ ಗೊತ್ತಿಲ್ಲದೆ ಪಕ್ಕದವನ ತೋಳು ಹಿಡಿದು, “ಅದು ನೋಡಿ, ಹದಿನೇಳು ವರ್ಷದ ಗಾಡಿ” ಎಂದೆ. “ತುಮ್ಹಾರಾ ಹೈ ಕ್ಯಾ?” ಎಂದ. ಅಲ್ಲ, ನನ್ನ ಮಾವನ ಮಗಳದ್ದು ಎಂದೆ. ಹೇಳುವಾಗ ನೋವಾಗುತ್ತದೆ ಎಂದುಕೊಂಡಿದ್ದೆ. ಅಷ್ಟಾಗಲಿಲ್ಲ.

ನಿನ್ನೆ ಶನಿವಾರ ಸಂಜೆ. ವಿನೋದಿನಿ ಮಕ್ಕಳ ಕಾಪಿ ತಿದ್ದುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ನನ್ನ ಜನ್ಮದಲ್ಲಿ ಒಡೆಯರಾದವರನ್ನು ಏನನ್ನೂ ಕೇಳಿದವನಲ್ಲ, ಸವಾಲು ಹಾಕಿ ಮಾತ್ರ ಗೊತ್ತು. ಓದುಗರ ಕೂಟದ ಪುಸ್ತಕ ಸಾಗಿಸಬೇಕು ಎಂದು ಹೇಳಲು ಯೋಚಿಸಿದ್ದೆ. ಬಾಯಿಯಲ್ಲಿ ಬಂದದ್ದು ಬೇರೆ.

“ನಾಳೆ ಗಾಡಿ ಸ್ವಲ್ಪ ಕೊಡ್ತೀಯಾ?”

ಅವಳು ತಲೆಯೆತ್ತಲಿಲ್ಲ. “ಎಲ್ಲಿಗೆ ಭಾವ?”

“ಎಲ್ಲಿಗೂ ಅಲ್ಲ. ಸುಮ್ಮನೆ. ಓಡಿಸ್ಲಿಕ್ಕೆ.”

ಕೆಂಪು ಪೆನ್ಸಿಲ್ ಕೆಳಗಿಟ್ಟು ನನ್ನನ್ನು ನೋಡಿದಳು. ಕಪಾಟಿನಿಂದ ಬೀಗದಕೈ ತಂದು ಕೊಟ್ಟಳು. “ಇಷ್ಟು ಚಿಕ್ಕ ಮಾತಿಗೆ ಮೂರು ತಿಂಗಳು ತೆಗೊಂಡ್ರಲ್ಲ” ಎಂದು ಮತ್ತೆ ಕಾಪಿಗೆ ಬಗ್ಗಿದಳು.

ಇವತ್ತು ಬೆಳಿಗ್ಗೆ ಮಳೆ ಬಿಟ್ಟಿತ್ತು. ಎಲ್ಲಿಗೂ ಅಲ್ಲ, ಬಹಳ ದೂರ ಹೋದೆ.

ಸದಾನಂದ